ಮಲಿಕ್-ಎ-ಮೈದಾನದ ನಾಲ್ಕನೆಯ ಬರಹ: ವಸಾಹತು ಆಳ್ವಿಕೆಯಲ್ಲಿ ಸ್ಮಾರಕ ಸಂರಕ್ಷಣೆಯ ರಾಜಕಾರಣ

ವಿಜಯಪುರದ ಕೋಟೆಗೋಡೆಯ ಪಶ್ಚಿಮಕ್ಕಿರುವ ಷರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಎಂಬ ದೊಡ್ಡ ತೋಪೊಂದಿದೆ. ಸುಮಾರು 55 ಟನ್ ತೂಕದ ಈ ತೋಪಿನ ಬಾಯಿಯನ್ನು ಆನೆಯನ್ನು ಕಚ್ಚಿ ಹಿಡಿದ ಮೃಗದ ಮುಖದಂತೆ ಎರಕ ಹೊಯ್ಯಲಾಗಿದೆ. ನೋಡಲು ಬಂದವರೆಲ್ಲ ಆ ಮುಖಕ್ಕೆ ಬೆರಗಾಗುತ್ತಾರೆ. ಅದರ ಮೈಮೇಲಿನ ಬರಹಗಳತ್ತ ಗಮನ ಹರಿಸುವವರು ಕಡಿಮೆ. ಒಂದು ಬರಹ ಎರಕ ಹೊಯ್ದ ಮಹಮ್ಮದ್ ಬಿನ್ ಹುಸೇನ್ ರೂಮಿಯ ಹೆಸರನ್ನು ಹೇಳುತ್ತದೆ. ಇನ್ನೊಂದು, 1549ರಲ್ಲಿ ಅದನ್ನು ಅಹಮದನಗರದಲ್ಲಿ ಮಾಡಿಸಿದ ನಿಜಾಮಶಾಹಿ ಅರಸನದು. ಮೂರನೆಯದು 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬನ ವಿಜಯವನ್ನು ಸಾರುತ್ತದೆ. ಮಾಡಿದವನು, ಮಾಡಿಸಿದವನು, ಗೆದ್ದವನು ಎಂಬ ಮೂರು ಬಗೆಯ ಒಡೆತನಗಳು ಒಂದೇ ಲೋಹದ ಮೇಲೆ ಹೀಗೆ ದಾಖಲಾಗಿವೆ.

ನಮ್ಮ ನಾಡಿನ ಸಂರಕ್ಷಿತ ಸ್ಮಾರಕಗಳೆಲ್ಲೆಡೆ ಕಾಣುವ ಇಲಾಖೆಯ ಫಲಕವನ್ನು ಈ ಸಾಲಿನ ನಾಲ್ಕನೆಯ ಬರಹವೆಂದು ಪರಿಗಣಿಸಬೇಕೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಇದು ಸಂರಕ್ಷಿತ ಸ್ಮಾರಕ, ಇದಕ್ಕೆ ಹಾನಿ ಮಾಡಿದವರು ಶಿಕ್ಷಾರ್ಹರು ಎಂಬ ಅದರ ಒಕ್ಕಣೆ ಶಾಸನದ ಒಕ್ಕಣೆಗೆ ಹತ್ತಿರವಾದುದೇ. ದತ್ತಿಯನ್ನು ಸಾರಿ ಕೊನೆಯಲ್ಲಿ ಶಾಪಾಶಯವನ್ನು ಹೇಳುವ ಶಾಸನದ ರಚನೆ ಅಲ್ಲಿಯೂ ಇದೆ. ವ್ಯತ್ಯಾಸವಿಷ್ಟೆ: ಶಾಸನದಲ್ಲಿ ಕಾಪಾಡುವವರು ಯಾರು, ಯಾವ ಆದಾಯದಿಂದ, ಯಾರಿಗಾಗಿ ಎಂಬುದು ಸ್ಪಷ್ಟವಾಗಿರುತ್ತದೆ. ಫಲಕದಲ್ಲಿ ಕಾಪಾಡುವವನು ಪ್ರಭುತ್ವ ಮಾತ್ರ. ಉಳಿದವರೆಲ್ಲ ಹಾನಿ ಮಾಡಬಹುದಾದವರು. ಈ ವ್ಯತ್ಯಾಸ ಎಂದು, ಹೇಗೆ ಹುಟ್ಟಿತು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಮಲಿಕ್-ಎ-ಮೈದಾನದ ಬ್ರಿಟಿಷ್ ಕಾಲದ ಚರಿತ್ರೆಯೇ ಇದಕ್ಕೆ ಒಳ್ಳೆಯ ಪ್ರವೇಶಿಕೆ. ಪೇಶ್ವೆಯರ ಪತನದ ನಂತರ ಬಿಜಾಪುರವು ಸಾತಾರದ ಅರಸನ ಪಾಲಿಗೆ ಬಂದು, 1848ರಲ್ಲಿ ಸಾತಾರ ಸಂಸ್ಥಾನದೊಂದಿಗೆ ಕಂಪನಿಯ ನೇರ ಆಳ್ವಿಕೆಗೆ ಸೇರಿತು. ಅದಕ್ಕೂ ಮೊದಲೇ ಈ ತೋಪನ್ನು ಇಂಗ್ಲೆಂಡಿಗೆ ಸಾಗಿಸುವ ಯೋಚನೆ ಮುಂಬಯಿ ಸರಕಾರಕ್ಕಿತ್ತು. ಅಂಥ ಭಾರವನ್ನು ಹೊರಬಲ್ಲ ರಸ್ತೆಗಳಿರಲಿಲ್ಲವಾಗಿ ಅದು ಉಳಿಯಿತು. 1854ರಲ್ಲಿ ಸರಕಾರಿ ನಿರುಪಯೋಗಿ ಸಾಮಾನುಗಳನ್ನು ವಿಲೇವಾರಿ ಮಾಡುವ ಆದೇಶದಂತೆ ಅದನ್ನು ಹರಾಜಿಗಿಡಲಾಯಿತು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಮೊತ್ತ ಅತ್ಯಲ್ಪವೆಂಬುದನ್ನೂ ಸ್ಥಳೀಯ ಜನ ಆ ತೋಪನ್ನು ಗೌರವದಿಂದ ಕಾಣುತ್ತಾರೆಂಬುದನ್ನೂ ಕಂಡು ಮಾರಾಟವನ್ನು ರದ್ದುಪಡಿಸಲಾಯಿತು. ಮುಂದೆ ಅದೇ ತೋಪು ಪುರಾತತ್ತ್ವ ಇಲಾಖೆಯ ಪಟ್ಟಿಯಲ್ಲಿ ಸ್ಮಾರಕವಾಯಿತು. ವಿಜಯದ ಕಾಣಿಕೆ, ಗುಜರಿ ಸಾಮಾನು, ಸ್ಮಾರಕ ಎಂಬ ಮೂರು ಮೌಲ್ಯಗಳನ್ನು ಒಂದೇ ಆಳ್ವಿಕೆ ನೂರು ವರ್ಷಗಳೊಳಗೆ ಒಂದೇ ವಸ್ತುವಿಗೆ ಕಟ್ಟಿತು. ಅದು ಕರಗಿಹೋಗದಂತೆ ತಡೆದದ್ದರಲ್ಲಿ ಪುರಾತತ್ತ್ವ ಶಾಸ್ತ್ರದ ಪಾಲಿಗಿಂತ ಊರಿನವರ ಗೌರವದ ಪಾಲು ದೊಡ್ಡದು ಎಂಬ ಸಂಗತಿಯನ್ನು ಇಲ್ಲಿ ನೆನಪಿಡಬೇಕು. ಭಾರವಾದದ್ದು ಹೀಗೆ ಉಳಿಯಿತು, ಹಗುರವಾದದ್ದು ಉಳಿಯಲಿಲ್ಲ. ಆಸಾರ್ ಮಹಲಿನಲ್ಲಿದ್ದ ಆದಿಲಶಾಹಿ ಕಾಲದ ಅರಬ್ಬಿ, ಪಾರಸಿ ಹಸ್ತಪ್ರತಿಗಳು ಅದೇ ದಶಕದಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನ ಗ್ರಂಥಾಲಯವನ್ನು ಸೇರಿದವು.

ಗೆದ್ದ ನೆಲವನ್ನು ಅಳೆಯುವುದು ಮತ್ತು ಅದರ ಹಳಮೆಯನ್ನು ದಾಖಲಿಸುವುದು ವಸಾಹತು ಆಳ್ವಿಕೆಯಲ್ಲಿ ಆರಂಭದಿಂದಲೂ ಜೊತೆಗೂಡಿ ನಡೆದ ಕೆಲಸಗಳು. ಕನ್ನಡ ನಾಡಿನಲ್ಲಿ ಇದಕ್ಕೆ ಮೊದಲ ನಿದರ್ಶನ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಆರಂಭವಾದ ಈ ಕಾರ್ಯ ಗಡಿ, ಭೂಮಿ, ಕೋಟೆ, ಕೆರೆಗಳ ಲೆಕ್ಕದೊಂದಿಗೆ ಕೈಫಿಯತ್ತು, ಶಾಸನ, ಹಸ್ತಪ್ರತಿಗಳನ್ನೂ ಕಲೆಹಾಕಿತು. ಶ್ರವಣಬೆಳಗೊಳದ ಚಾರುಕೀರ್ತಿ ಆಚಾರ್ಯರಿಂದ ಪಡೆದ ಜೈನ ಸಮಾಜದ ವಿವರಗಳು ಆತನ ಮೂಲಕವೇ ‘ಏಷಿಯಾಟಿಕ್ ರಿಸರ್ಚಸ್’ನ ಪುಟಗಳನ್ನು ಸೇರಿದವು. ಕಾವಲಿ ವೆಂಕಟ ಬೋರಯ್ಯನವರಂಥ ದೇಶೀ ಸಹಾಯಕರಿಲ್ಲದೆ ಇದೊಂದೂ ಸಾಧ್ಯವಿರಲಿಲ್ಲ. ಜ್ಞಾನ ಅವರದು, ಅದನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಜೋಡಿಸಬೇಕೆಂಬ ನಿರ್ಧಾರ ಅವರದಾಗಿರಲಿಲ್ಲ.

ಈ ಪ್ರಶ್ನೆಗಳ ಹಿಂದಿನ ಉದ್ದೇಶವನ್ನು ಮರೆಮಾಚದೆ ಹೇಳಿದವನು ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್. ಸೇನೆಯ ಎಂಜಿನಿಯರನಾಗಿದ್ದ ಈತ 1843ರಲ್ಲಿ ಪ್ರಕಟವಾದ ಬರಹವೊಂದರಲ್ಲಿ, ಭಾರತದ ಪ್ರಾಚೀನ ಅವಶೇಷಗಳ ಶೋಧ ಕಂಪನಿ ಸರಕಾರಕ್ಕೆ ರಾಜಕೀಯವಾಗಿಯೂ ಬ್ರಿಟಿಷ್ ಜನತೆಗೆ ಧಾರ್ಮಿಕವಾಗಿಯೂ ಮಹತ್ತ್ವದ್ದೆಂದು ವಾದಿಸಿದ. ಭಾರತ ಒಡೆದು ಹೋಳಾದಾಗಲೆಲ್ಲ ಪರಕೀಯರಿಗೆ ಸೋತಿದೆ ಎಂಬುದು ಅದರಿಂದ ಸಿದ್ಧವಾಗುತ್ತದೆ. ವೈದಿಕ ಧರ್ಮ ಅನಾದಿಯೂ ಅಚಲವೂ ಅಲ್ಲವೆಂಬುದೂ ತಿಳಿಯುತ್ತದೆ, ಅದು ಮತಪ್ರಚಾರಕ್ಕೆ ಸಹಕಾರಿ ಎಂಬುದು ಆತನ ನಿಲುವಿನ ಸಾರ. 1861ರಲ್ಲಿ ಉತ್ತರ ಭಾರತದ ಪುರಾತತ್ತ್ವ ಸರ್ವೇಕ್ಷಣೆಗೆ ಆತನನ್ನೇ ನೇಮಿಸಲಾಯಿತು. ಬೌದ್ಧ ನೆಲೆಗಳ ಶೋಧದಲ್ಲಿ ಆತ ಮಾಡಿದ ಕೆಲಸದ ಮೌಲ್ಯ ಇದರಿಂದ ಕುಂದುವುದಿಲ್ಲ. ಆದರೆ ಅಗೆಯುವ ಮೊದಲೇ ಏನನ್ನು ಕಾಣಬೇಕೆಂಬ ನಿರೀಕ್ಷೆ ರೂಪುಗೊಂಡಿತ್ತು ಎಂಬುದು ಸ್ಪಷ್ಟ.

1857ರ ಹೋರಾಟದ ನಂತರ ದೆಹಲಿಯಲ್ಲಿ ನಡೆದದ್ದು ಇದರ ಇನ್ನೊಂದು ಮುಖ. ಕೆಂಪುಕೋಟೆಯೊಳಗಿನ ಅರಮನೆಗಳಲ್ಲಿ ಬಹುಪಾಲನ್ನು ಕೆಡವಿ ಸೈನಿಕರ ಬ್ಯಾರಕ್ಕುಗಳನ್ನು ಕಟ್ಟಲಾಯಿತು. ಜಾಮಾ ಮಸೀದಿಯನ್ನು ವಶಪಡಿಸಿಕೊಂಡು 1862ರವರೆಗೆ ಮುಸಲ್ಮಾನರಿಗೆ ಮರಳಿಸಲಿಲ್ಲ. ಕೆಡವುವುದು ದಂಡನೆಯಾದರೆ ಮರಳಿಸುವುದು ಕೃಪೆ. ಎರಡೂ ಒಡೆತನದ ಘೋಷಣೆಗಳೇ. 1863ರ ಧಾರ್ಮಿಕ ದತ್ತಿ ಕಾಯಿದೆಯಲ್ಲಿ ಈ ನೀತಿ ಕಾನೂನಿನ ರೂಪ ತಾಳಿತು. ಆ ಕಾಯಿದೆಯ ಮೂಲಕ ಸರಕಾರ ದೇವಾಲಯ, ಮಸೀದಿಗಳ ಆಡಳಿತದಿಂದ ಹಿಂದೆ ಸರಿಯಿತು. ಆದರೆ ಅದರ 23ನೆಯ ಕಲಮಿನಲ್ಲಿ, ಪ್ರಾಚೀನತೆಗೋ ಚಾರಿತ್ರಿಕ ಇಲ್ಲವೆ ವಾಸ್ತು ಮಹತ್ತ್ವಕ್ಕೋ ಹೆಸರಾದ ಕಟ್ಟಡಗಳನ್ನು ರಕ್ಷಿಸುವ ಅಧಿಕಾರವನ್ನು ಉಳಿಸಿಕೊಂಡಿತು. ದೇವರು ಭಕ್ತರಿಗೆ, ಕಟ್ಟಡ ಸರಕಾರಕ್ಕೆ ಎಂಬ ವಿಭಜನೆ ಇಲ್ಲಿ ಮೊದಲಾಯಿತೆನ್ನಬಹುದು. ಗರ್ಭಗೃಹವನ್ನೂ ಅಲ್ಲಿನ ಪೂಜೆಯನ್ನೂ ಬೇರ್ಪಡಿಸಿ ನೋಡುವ ಈ ಕ್ರಮ ನಮ್ಮ ಪರಂಪರೆಗೆ ಅಪರಿಚಿತವಾಗಿತ್ತು.

ಕಟ್ಟಡಗಳನ್ನು ಹೀಗೆ ಬೇರ್ಪಡಿಸಿದ ಮೇಲೆ ಅವನ್ನು ವರ್ಗೀಕರಿಸುವ ಕೆಲಸ ನಡೆಯಿತು. ಜೇಮ್ಸ್ ಫರ್ಗುಸನ್ ಅದರ ಪ್ರಮುಖ. 1866ರಲ್ಲಿ ಬಿಜಾಪುರದ ವಾಸ್ತುವನ್ನೂ ಧಾರವಾಡ-ಮೈಸೂರುಗಳ ವಾಸ್ತುವನ್ನೂ ಕುರಿತು ದೊಡ್ಡ ಛಾಯಾಚಿತ್ರ ಸಂಪುಟಗಳು ಹೊರಬಂದವು. ವಾಸ್ತು ವಿವರಣೆ ಫರ್ಗುಸನ್ನನದು. ಚಾರಿತ್ರಿಕ ಪೀಠಿಕೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನದು. ಸುರಪುರದ ಬಾಲ ಅರಸನ ಪರವಾಗಿ ಆಡಳಿತ ನೋಡಿಕೊಂಡು, ಅದೇ ಅರಸ 1858ರಲ್ಲಿ ಬಂಡೆದ್ದು ಅಳಿದುದನ್ನು ಕಂಡವನು ಟೇಲರ್. ಆಡಳಿತಗಾರನೇ ಚರಿತ್ರಕಾರನಾಗುವ ಆ ಕಾಲದ ಪದ್ಧತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಫರ್ಗುಸನ್ 1876ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಭಾರತೀಯ ವಾಸ್ತುವನ್ನು ಬೌದ್ಧ, ಜೈನ, ದ್ರಾವಿಡ, ಚಾಲುಕ್ಯ, ಸಾರಸೆನಿಕ್ ಎಂದೆಲ್ಲ ವಿಂಗಡಿಸಿದ. ಈ ವಿಂಗಡಣೆಯಲ್ಲಿ ಒಂದು ಹೆಸರು ಮತದ್ದು, ಇನ್ನೊಂದು ಪ್ರದೇಶದ್ದು, ಮತ್ತೊಂದು ರಾಜವಂಶದ್ದು. ‘ಜೈನ ಶೈಲಿ’ ಎಂಬುದು ಎಷ್ಟು ತೊಡಕಿನ ಮಾತೆಂಬುದು ಕನ್ನಡ ನಾಡಿನ ಬಸದಿಗಳನ್ನು ಕಂಡವರಿಗೆ ಗೊತ್ತು. ಐಹೊಳೆಯ ಮೇಗುತಿ, ಲಕ್ಕುಂಡಿಯ ಬ್ರಹ್ಮ ಜಿನಾಲಯ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಇವು ಮೂರೂ ಜಿನಾಲಯಗಳು. ಆದರೆ ಒಂದೊಂದೂ ತನ್ನ ಕಾಲದ, ತನ್ನ ನೆಲದ ಶೈವ-ವೈಷ್ಣವ ಗುಡಿಗಳನ್ನು ಹೋಲುತ್ತದೆಯೇ ಹೊರತು ಇನ್ನೊಂದು ಕಾಲದ, ಇನ್ನೊಂದು ನೆಲದ ಬಸದಿಯನ್ನಲ್ಲ. ಕಲ್ಲುಕುಟಿಗರ ಪರಂಪರೆ ಮತದ ಗೆರೆಗಳನ್ನು ಅನುಸರಿಸಿ ಹರಿಯಲಿಲ್ಲ. ಆದರೂ ಮತದ ಹೆಸರಿನ ವರ್ಗೀಕರಣ ಪಠ್ಯಗಳಲ್ಲಿ ನೆಲೆಯೂರಿತು, ಏಕೆಂದರೆ ಭಾರತವೆಂಬುದು ಪರಸ್ಪರ ಸೇರದ ಮತಗಳ ಸಮೂಹವೆಂಬ ಆಡಳಿತದ ತಿಳಿವಳಿಕೆಗೆ ಅದು ಅನುಗುಣವಾಗಿತ್ತು.

ಇದನ್ನು ಪ್ರಶ್ನಿಸುವ ಅಧಿಕಾರ ಭಾರತೀಯನಿಗೆ ಇತ್ತೇ? ಬಂಗಾಳದ ರಾಜೇಂದ್ರಲಾಲ ಮಿತ್ರ ಅವರು ಫರ್ಗುಸನ್ನನ ಹಲವು ನಿರ್ಣಯಗಳನ್ನು ವಿರೋಧಿಸಿದರು. ಭಾರತೀಯರ ಶಿಲಾವಾಸ್ತು ಗ್ರೀಕರಿಂದ ಬಂದುದಲ್ಲವೆಂದು ವಾದಿಸಿದರು. 1884ರಲ್ಲಿ ಫರ್ಗುಸನ್ ಮಿತ್ರರ ವಿರುದ್ಧವೇ ಒಂದು ಪುಸ್ತಕ ಬರೆದ. ಯುರೋಪಿಯನ್ನರನ್ನು ಭಾರತೀಯ ನ್ಯಾಯಾಧೀಶರು ವಿಚಾರಣೆ ಮಾಡಬಹುದೆಂಬ ಇಲ್ಬರ್ಟ್ ಮಸೂದೆಯ ವಿವಾದ ಆಗ ತಾನೇ ನಡೆದಿತ್ತು. ಫರ್ಗುಸನ್ ಆ ವಿವಾದವನ್ನು ನೇರವಾಗಿಯೇ ಎಳೆತಂದು, ಮಿತ್ರರಂಥ ವಿದ್ವಾಂಸರ ಬರಹವನ್ನು ನೋಡಿದರೆ ಇವರ ಕೈಗೆ ನ್ಯಾಯದಾನವನ್ನು ಒಪ್ಪಿಸಬಹುದೇ ಎಂಬ ಧಾಟಿಯಲ್ಲಿ ವಾದ ಹೂಡಿದ. ಕಂಬ-ಕಮಾನುಗಳ ಕಾಲನಿರ್ಣಯದ ಚರ್ಚೆ ನ್ಯಾಯಾಲಯದಲ್ಲಿ ಯಾರು ಯಾರನ್ನು ವಿಚಾರಿಸಬೇಕೆಂಬ ಚರ್ಚೆಯಾಗಿ ಮಾರ್ಪಟ್ಟಿತು. ವಾಸ್ತು ಚರಿತ್ರೆ ರಾಜಕಾರಣದಿಂದ ದೂರವಿದ್ದ ವಿದ್ವತ್ ವ್ಯವಸಾಯ ಮಾತ್ರವಾಗಿತ್ತೆಂದು ನಂಬುವವರು ಈ ಪ್ರಸಂಗವನ್ನು ಗಮನಿಸಬೇಕು.

ಈ ಎಲ್ಲ ಎಳೆಗಳೂ ಕೂಡುವುದು ಲಾರ್ಡ್ ಕರ್ಜನ್ನನ ಕಾಲದಲ್ಲಿ. ಸ್ಮಾರಕಗಳ ಮೇಲೆ ಆತನಿಗಿದ್ದ ಪ್ರೀತಿ ನಿಜವಾದುದು. 1902ರಲ್ಲಿ ಜಾನ್ ಮಾರ್ಷಲ್ಲನನ್ನು ಪುರಾತತ್ತ್ವ ಇಲಾಖೆಯ ಮುಖ್ಯಸ್ಥನನ್ನಾಗಿ ಕರೆತಂದು, ಇಲಾಖೆಗೆ ಹಣ ಮತ್ತು ಅಧಿಕಾರ ಒದಗಿಸಿದವನು ಅವನೇ. ಬಿಜಾಪುರಕ್ಕೂ ಅವನ ಉಪಕಾರವಿದೆ. 1885ರಲ್ಲಿ ಜಿಲ್ಲೆಯ ಆಡಳಿತ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ, ಅರಕಿಲ್ಲೆಯ ಹಳೆಯ ಮಹಲುಗಳನ್ನು ದುರಸ್ತಿ ಮಾಡಿ ಕಚೇರಿಗಳನ್ನೂ ಅಧಿಕಾರಿಗಳ ನಿವಾಸಗಳನ್ನೂ ಮಾಡಿಕೊಳ್ಳಲಾಗಿತ್ತು. ಗೋಳಗುಮ್ಮಟಕ್ಕೆ ಸೇರಿದ ಮಸೀದಿ ಪ್ರವಾಸಿ ಬಂಗಲೆಯಾಗಿತ್ತು. ಕರ್ಜನ್ ಇಂಥ ಬಳಕೆಗಳನ್ನು ಖಂಡಿಸಿ ಮಸೀದಿಗಳನ್ನು ತೆರವು ಮಾಡಿಸಿದ. ಆದರೆ ಆ ಮಸೀದಿಗಳನ್ನು ಬಂಗಲೆ, ಕಚೇರಿಗಳನ್ನಾಗಿ ಮಾಡಿಕೊಂಡಿದ್ದವರು ಯಾರು? ಅವನದೇ ಸರಕಾರದ ಅಧಿಕಾರಿಗಳು. ತಾನೇ ಮಾಡಿದ ಹಾನಿಯನ್ನು ತಾನೇ ಸರಿಪಡಿಸಿ ಅದನ್ನು ಪ್ರಜೆಗಳಿಗೆ ಮಾಡಿದ ಉಪಕಾರವೆಂದು ತೋರಿಸುವ ಜಾಣ್ಮೆ ಇದರಲ್ಲಿದೆ.

ಕರ್ಜನ್ನನ ನೀತಿಯ ತಾತ್ತ್ವಿಕ ನೆಲೆಗಟ್ಟು ದೊರೆಯುವುದು 1900ರ ಫೆಬ್ರವರಿಯಲ್ಲಿ ಆತ ಬಂಗಾಳದ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ. ಹಿಂದೂ, ಮುಸಲ್ಮಾನ, ಬೌದ್ಧ, ಜೈನ ಎಂಬ ಭೇದವಿಲ್ಲದೆ ಎಲ್ಲ ಸ್ಮಾರಕಗಳೂ ತಮಗೆ ಸಮಾನವೆಂದು ಆತ ಹೇಳಿದ. ಅಷ್ಟಕ್ಕೇ ನಿಲ್ಲದೆ, ಪರಸ್ಪರ ಕಾದಾಡಿದ ಕುಲಗಳ ವಂಶಜರಿಗಿಂತ, ವೈರಿ ಮತಗಳ ಅನುಯಾಯಿಗಳಿಗಿಂತ, ಹೊರಗಿನವರಾದ ಬ್ರಿಟಿಷರೇ ಇವನ್ನು ನಿಷ್ಪಕ್ಷಪಾತದಿಂದ ಕಾಯಲು ಹೆಚ್ಚು ಅರ್ಹರು ಎಂದೂ ವಾದಿಸಿದ. ಸಾಮ್ರಾಜ್ಯವನ್ನು ಸಮರ್ಥಿಸಲು ಇದಕ್ಕಿಂತ ಸೌಮ್ಯವಾದ ಮಾತು ದೊರೆಯದು. ನೀವು ಒಬ್ಬರನ್ನೊಬ್ಬರು ನಂಬಲಾರಿರಿ, ಆದ್ದರಿಂದ ನಾವಿರಬೇಕು ಎಂಬುದೇ ಇದರ ತಿರುಳು. 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಈ ವಾದದ ಫಲ. ಸ್ಮಾರಕವನ್ನು ‘ಸಂರಕ್ಷಿತ’ವೆಂದು ಘೋಷಿಸುವ, ಒಡೆಯರಿಂದ ಪಾಲಕತ್ವ ಪಡೆಯುವ, ಅಗತ್ಯಬಿದ್ದರೆ ಕೊಳ್ಳುವ ಅಧಿಕಾರ ಸರಕಾರಕ್ಕೆ ಬಂತು. ಹಾನಿ ಮಾಡಿದವರಿಗೆ 5000 ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಗೊತ್ತಾದವು. ಪೂಜೆ ನಡೆಯುವ ತಾಣಗಳಿಗೆ ಕೆಲವು ವಿನಾಯಿತಿಗಳು ಇದ್ದುದು ನಿಜ. ಆದರೆ ಆ ಮೂಲಕ ‘ಜೀವಂತ’ ತಾಣ, ‘ನಿರ್ಜೀವ’ ತಾಣ ಎಂಬ ಹೊಸ ಭೇದ ಗಟ್ಟಿಯಾಯಿತು. ಕಾಯಿದೆ ಬಂದ ಮರುವರ್ಷ, 1905ರಲ್ಲಿ, ಅದೇ ಕರ್ಜನ್ ಬಂಗಾಳವನ್ನು ಹಿಂದೂ-ಮುಸ್ಲಿಂ ಬಹುಸಂಖ್ಯೆಯ ಎರಡು ಪ್ರಾಂತಗಳಾಗಿ ಒಡೆದ. ಎಲ್ಲ ಮತಗಳ ಕಲ್ಲುಗಳನ್ನು ಸಮಾನವಾಗಿ ಕಂಡವನು ಮನುಷ್ಯರ ವಿಷಯಕ್ಕೆ ಬಂದಾಗ ಆ ಸಮಾನತೆಯನ್ನು ಪಾಲಿಸಲಿಲ್ಲ.

ಕರ್ಜನ್ನನ ವಾದಕ್ಕೆ ಉತ್ತರ ನಮ್ಮಲ್ಲಿ ಇರಲಿಲ್ಲವೆ? ಇತ್ತು. ಆತನ ಭಾಷಣಕ್ಕೆ 11 ವರ್ಷ ಮೊದಲೇ ಅದು ಅಚ್ಚಾಗಿಯೂ ಇತ್ತು. 1889ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಗಳ ಸಂಪುಟದಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಕನ್ನಡ ವಿದ್ಯಾರ್ಥಿಗಳು ಇದನ್ನು ಮತಸಾಮರಸ್ಯದ ಶಾಸನವೆಂದು ಓದುತ್ತಾರೆ. ಅದು ಸಂರಕ್ಷಣೆಯ ಶಾಸನವೂ ಹೌದೆಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾಗಿ ಜೈನರು ಅರಸನಲ್ಲಿ ದೂರಿತ್ತಾಗ, ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಅದರ ನಂತರದ ಭಾಗ ನಮಗೆ ಮುಖ್ಯ. ನಾಡಿನ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಬೇಕು. ಅದರಿಂದ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳನ್ನು ದುರಸ್ತಿ ಮಾಡಿಸಿ ಸುಣ್ಣ ಬಳಿಸಬೇಕು. ಈ ಹೊಣೆಯನ್ನು ಒಪ್ಪಿಸಿದ್ದು ಯಾರಿಗೆ? ತಿರುಮಲೆಯ ತಾತಯ್ಯನಿಗೆ, ಎಂದರೆ ಜೈನರೊಂದಿಗೆ ವಿವಾದದಲ್ಲಿದ್ದ ವೈಷ್ಣವ ಸಮುದಾಯದ ಪ್ರಮುಖನಿಗೆ.

ಕರ್ಜನ್ ಯಾರನ್ನು ಅನರ್ಹರೆಂದು ಹೊರಗಿಟ್ಟನೋ ಅವರನ್ನೇ ಈ ಶಾಸನ ಕಾವಲುಗಾರರನ್ನಾಗಿಸುತ್ತದೆ. ಹಣ ಜೈನರದು, ಹೊಣೆ ವೈಷ್ಣವರದು, ಸಾಕ್ಷಿ ಪ್ರಭುತ್ವದ್ದು. ತಪ್ಪಿದವನು ರಾಜದ್ರೋಹಿ ಮಾತ್ರವಲ್ಲ, ಸಂಘದ್ರೋಹಿ ಮತ್ತು ಸಮುದಾಯದ್ರೋಹಿಯೂ ಆಗುತ್ತಾನೆ. ಇದನ್ನು ಆದರ್ಶೀಕರಿಸಬೇಕಾಗಿಲ್ಲ. ಹೊಸ ರಾಜ್ಯವನ್ನು ಭದ್ರಪಡಿಸುತ್ತಿದ್ದ ಬುಕ್ಕರಾಯನಿಗೂ ರಾಜಕೀಯ ಉದ್ದೇಶವಿತ್ತು. ಅಲ್ಪಸಂಖ್ಯಾತರಾಗುತ್ತಿದ್ದ ಜೈನರಿಗೆ ಕಾವಲಿನ ಅಗತ್ಯ ಬಿದ್ದುದೇ ಕಾಲದ ಕಹಿಯನ್ನು ಹೇಳುತ್ತದೆ. ಸಂರಕ್ಷಣೆ ರಾಜಕಾರಣದ ಸಾಧನವಾದುದು ಬ್ರಿಟಿಷರಿಂದ ಮೊದಲ್ಗೊಂಡು ಅಲ್ಲ. ಆದರೆ ಒಂದು ರಾಜಕಾರಣ ನೆರೆಹೊರೆಯವರನ್ನು ಪರಸ್ಪರ ಹೊಣೆಗಾರರನ್ನಾಗಿ ಮಾಡಿತು. ಇನ್ನೊಂದು ಅವರೆಲ್ಲರನ್ನೂ ಆಚೆಗೆ ಸರಿಸಿ ತಾನೊಂದೇ ಹೊಣೆ ಹೊತ್ತಿತು.

ಸುಣ್ಣದ ವಿಷಯವೂ ಇಲ್ಲಿ ಅರ್ಥಪೂರ್ಣ. ಬಸದಿಗೆ ಸುಣ್ಣ ಬಳಿಸುವುದು 1368ರಲ್ಲಿ ಸಂರಕ್ಷಣೆಯ ಕ್ರಮ. ವಸಾಹತು ಪುರಾತತ್ತ್ವಕ್ಕೆ ಅದೇ ಸುಣ್ಣ ಮೂಲವನ್ನು ಮರೆಮಾಡುವ ವಿಕಾರ. ಅದನ್ನು ಕೆರೆದು ತೆಗೆಯುವುದೇ ಸಂರಕ್ಷಣೆ. ಶಾಸನಗಳಲ್ಲಿ ಮತ್ತೆಮತ್ತೆ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಒಡೆದುದನ್ನು ಸರಿಪಡಿಸಿ ಬಳಕೆಗೆ ತರುವುದನ್ನು ಸೂಚಿಸುತ್ತದೆ. ಮಾರ್ಷಲ್ 1923ರಲ್ಲಿ ಹೊರತಂದ ಸಂರಕ್ಷಣಾ ಕೈಪಿಡಿ ಇದಕ್ಕೆ ಪ್ರತಿಯಾಗಿ, ಹೊಸದಾಗಿ ಮಾಡಿದ್ದಕ್ಕಿಂತ ಭಿನ್ನವಾದ ಮೂಲವೇ ಮೇಲು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ವಿದ್ವಾಂಸನ ದೃಷ್ಟಿಯಿಂದ ಮಾರ್ಷಲ್ ಸರಿ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಶಾಸನಗಳು ಗಾರೆಯಡಿ ಮುಚ್ಚಿಹೋಗಿವೆ. ಆರಾಧಕನ ದೃಷ್ಟಿಯಿಂದ, ಒಡೆದ ಜಿನಬಿಂಬವನ್ನು ಒಡೆದಂತೆಯೇ ಇಡುವುದು ರಕ್ಷಣೆಯಲ್ಲ. ಎರಡು ನ್ಯಾಯಗಳಲ್ಲಿ ಒಂದಕ್ಕೆ ಮಾತ್ರ ಕಾನೂನಿನ ಬಲ ದೊರೆಯಿತು ಎಂಬುದೇ ವಸಾಹತು ಕಾಲದ ವಿಶೇಷ.

ಐಹೊಳೆಯ ಗುಡಿಗಳ ಹೆಸರುಗಳು ಇದರ ಕುರುಹನ್ನು ಇಂದಿಗೂ ಉಳಿಸಿಕೊಂಡಿವೆ. ಲಾಡ್‌ಖಾನ್ ಗುಡಿಯ ಹೆಸರು ದೇವರದೂ ಅಲ್ಲ, ಕಟ್ಟಿಸಿದವನದೂ ಅಲ್ಲ, ಅಲ್ಲಿ ವಾಸವಿದ್ದವನದು. ಪೂಜೆ ನಿಂತ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು, ದನಕರು ಕಟ್ಟಿದ್ದರು. ವಾಸಿಗಳನ್ನು ತೆರವು ಮಾಡಿದ ಇಲಾಖೆ ಅವರ ಹೆಸರನ್ನು ಮಾತ್ರ ಫಲಕದಲ್ಲಿ ಉಳಿಸಿಕೊಂಡಿತು.

ಇಷ್ಟನ್ನು ಹೇಳುವಾಗ ನಮ್ಮ ಋಣವನ್ನು ಮರೆಯಬಾರದು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಇಲ್ಲದೆ ಕನ್ನಡ ಸಾಹಿತ್ಯ ಚರಿತ್ರೆಯ ಕಾಲನಿರ್ಣಯ ಇಂದಿನ ರೂಪದಲ್ಲಿ ಸಾಧ್ಯವಿರಲಿಲ್ಲ. ರೈಸ್ ಅವರ ಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. ವಸಾಹತು ಅಧಿಕಾರಿ ಆರಂಭಿಸಿದ್ದನ್ನು ಕನ್ನಡದ ವಿದ್ವಾಂಸರು ಹಿಗ್ಗಿಸಿ ತಮ್ಮದನ್ನಾಗಿಸಿಕೊಂಡ ಪರಿ ಇದು. ಕರ್ಜನ್ನನಿಗೆ ಉತ್ತರವಾಗಬಲ್ಲ ಬುಕ್ಕರಾಯನ ಶಾಸನವನ್ನು ಜಗತ್ತಿಗೆ ತೋರಿಸಿದ್ದೂ ಅದೇ ವ್ಯವಸ್ಥೆ ಎಂಬುದು ಚರಿತ್ರೆಯ ವಿಚಿತ್ರ.

ಸ್ವತಂತ್ರ ಭಾರತ 1958ರಲ್ಲಿ ಹೊಸ ಕಾಯಿದೆ ತಂದರೂ 1904ರ ಚೌಕಟ್ಟು ಬಹುಮಟ್ಟಿಗೆ ಮುಂದುವರಿಯಿತು. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ತೆರವುಗೊಳಿಸಿದಾಗ, ಬಜಾರನ್ನು ಉಳಿಸಲು ಬಜಾರಿನ ಜನ ಹೋಗಬೇಕಾಯಿತು. ಒತ್ತುವರಿಯಿಂದ ಸ್ಮಾರಕಗಳು ನಾಶವಾಗುತ್ತಿರುವುದೂ ಅಷ್ಟೇ ಸತ್ಯವಾದ್ದರಿಂದ ಇಲ್ಲಿ ಸುಲಭದ ತೀರ್ಪು ಸಾಧ್ಯವಿಲ್ಲ. ಆದರೆ ಸಂಶೋಧನ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಸ್ಮಾರಕವೊಂದರ ಕಾಲ, ಶೈಲಿ, ಅರಸರ ಹೆಸರುಗಳನ್ನು ಬರೆದುಕೊಂಡ ಮೇಲೆ, ಅದು ಸಂರಕ್ಷಿತವಾದ ವರ್ಷವನ್ನೂ ಅದಕ್ಕೆ ಹಿಂದಿನ ದಿನದವರೆಗೆ ಅದನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದನ್ನೂ ಬರೆದುಕೊಳ್ಳಲಿ. ಊರಿನ ಹಿರಿಯರಲ್ಲಿ, ಮಠದ ಕಡತಗಳಲ್ಲಿ, ಹಳೆಯ ಗೆಜೆಟಿಯರುಗಳ ಸಾಲುಗಳ ನಡುವೆ ಆ ಉತ್ತರ ಇನ್ನೂ ದೊರೆಯುವ ಸಾಧ್ಯತೆಯಿದೆ. ಮಲಿಕ್-ಎ-ಮೈದಾನದ ಮೇಲಿನ ಬರಹಗಳಲ್ಲಿ ಮಾಡಿದವನು, ಮಾಡಿಸಿದವನು, ಗೆದ್ದವನು ಇದ್ದಾರೆ. 1854ರಲ್ಲಿ ಅದು 150 ರೂಪಾಯಿಗೆ ಮಾರಿಹೋಗದಂತೆ ತಡೆದ ಊರವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.